‘ಓಡಿ’ ನೋಡುವ ಮೊದಲು ಬೆಳಕು ನೋಡಿ

(ಕಲಬುರಗಿಯಲ್ಲಿ ಜೀವರಸಾಯನ ವಿದ್ಯಾರ್ಥಿಗಳು ಮತ್ತು ಪ್ರಯೋಗಾಲಯ ತಂತ್ರಜ್ಞರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

“ಗ್ರಾಫಿನಲ್ಲಿ ನಾಯ್ಸ್ ಬರುತ್ತಿದೆ, ಲ್ಯಾಂಪ್ ಹೋಗಿದೆ ಸರ್.” ಉಪಕರಣ ದುರಸ್ತಿಯ ಕೆಲಸದಲ್ಲಿರುವ ನನಗೆ ಬರುವ ಫೋನ್ ಕರೆಗಳು ಹೆಚ್ಚಾಗಿ ಹೀಗೆಯೇ ಆರಂಭವಾಗುತ್ತವೆ. ನಾಯ್ಸ್ ಎಂದರೆ ಗೆರೆಯಲ್ಲಿ ಬೇಡದ ಏರಿಳಿತ. ಒಂದೇ ಉಸಿರಿನಲ್ಲಿ ರೋಗವನ್ನೂ ಹೇಳಿ ಮದ್ದನ್ನೂ ಬರೆದುಬಿಡುತ್ತಾರೆ. “ಬೆಳಕಿನ ತೀವ್ರತೆ ಎಷ್ಟು ತೋರಿಸುತ್ತಿದೆ?” ಎಂದು ನಾನು ತಿರುಗಿ ಕೇಳಿದರೆ ಆ ಕಡೆ ಮೌನ. ಓಡಿ (ಆಪ್ಟಿಕಲ್ ಡೆನ್ಸಿಟಿ, ಅಂದರೆ ಮಾದರಿ ಎಷ್ಟು ಬೆಳಕು ತಡೆಯಿತು ಎಂಬ ಅಳತೆ) ಎಷ್ಟು ಎಂದು ಕೇಳಿದರೆ ಮೂರು ದಶಾಂಶದವರೆಗೆ ಹೇಳುತ್ತಾರೆ. ಆ ಓಡಿ ಯಾವ ಬೆಳಕಿನಿಂದ ಬಂತು ಎಂಬುದನ್ನು ಯಾರೂ ನೋಡಿರುವುದಿಲ್ಲ. ಇವತ್ತು ನಾನು ಮಾತನಾಡಲಿಕ್ಕೆ ಹೊರಟಿರುವುದು ಇಷ್ಟರ ಬಗ್ಗೆಯೇ.

ಇಲ್ಲಿ ಕುಳಿತವರಲ್ಲಿ ಎರಡು ಬಗೆಯವರಿದ್ದೀರಿ. ಕೆಲವರು ಪ್ರೋಟೀನ್ ಶುದ್ಧೀಕರಿಸಿ, ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಐಸ್ ತುಂಬಿಕೊಂಡು, ರೈಲು ಹತ್ತಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಅನಲಿಟಿಕಲ್ ಅಲ್ಟ್ರಾಸೆಂಟ್ರಿಫ್ಯೂಜ್ ಎಂಬ, ಮಾದರಿಯನ್ನು ಅತಿ ವೇಗವಾಗಿ ತಿರುಗಿಸುತ್ತ ಬೆಳಕಿನಿಂದ ಅಳೆಯುವ ಯಂತ್ರದಲ್ಲಿ ಒಂದು ದಿನದ ಸಮಯ ಗಿಟ್ಟಿಸಿಕೊಳ್ಳುವವರು. ಉಳಿದವರು ಸೇಡಂ, ಆಳಂದ, ಚಿಂಚೋಳಿ ಕಡೆಯ ಲ್ಯಾಬುಗಳಲ್ಲಿ ರಕ್ತ ಪರೀಕ್ಷೆ ಮಾಡುವವರು. ಮೊದಲಿನವರ ಯಂತ್ರದ ಬೆಲೆ ಕೋಟಿಗಳಲ್ಲಿ, ಎರಡನೆಯವರದು ಲಕ್ಷದ ಆಸುಪಾಸಿನಲ್ಲಿ. ಬೆಳಕಿನ ಲೆಕ್ಕ ಮಾತ್ರ ಇಬ್ಬರಿಗೂ ಒಂದೇ. ದೊಡ್ಡ ಯಂತ್ರದಿಂದ ಆರಂಭಿಸುತ್ತೇನೆ.

ಸಾಮಾನ್ಯ ಸೆಂಟ್ರಿಫ್ಯೂಜ್ ತಿರುಗಿ ನಿಂತ ಮೇಲೆ ನಾವು ಟ್ಯೂಬ್ ತೆಗೆದು ನೋಡುತ್ತೇವೆ. ಅನಲಿಟಿಕಲ್ ಯಂತ್ರ ತಿರುಗುತ್ತಿರುವಾಗಲೇ ಒಳಗೆ ಇಣುಕಿ ನೋಡುತ್ತದೆ. ಇದನ್ನು ಕಟ್ಟಿದವರು ಸ್ವೀಡನ್ನಿನ ಉಪ್ಸಾಲಾದ ಥಿಯೋಡರ್ ಸ್ವೆಡ್‌ಬರ್ಗ್. 1926ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ನೀವು ಬಿ.ಎಸ್ಸಿ.ಯಲ್ಲಿ ಬಾಯಿಪಾಠ ಮಾಡಿದ 70ಎಸ್ ರೈಬೋಸೋಮಿನ ಆ ‘ಎಸ್’ ಅವರ ಹೆಸರೇ. ಒಂದು ಸ್ವೆಡ್‌ಬರ್ಗ್ ಎಂದರೆ ಸೆಕೆಂಡಿನ ಹತ್ತು ಲಕ್ಷ ಕೋಟಿಯ ಒಂದು ಭಾಗ. ಆ ರೈಬೋಸೋಮಿನ ಎರಡು ತುಂಡುಗಳಾದ 50ಎಸ್ ಮತ್ತು 30ಎಸ್ ಕೂಡಿದರೆ 80 ಆಗಬೇಕಲ್ಲ, 70 ಏಕೆ ಎಂದು ಕೇಳಿದ್ದಕ್ಕೆ ಬೈಸಿಕೊಂಡವರು ಈ ಸಭೆಯಲ್ಲಿ ಇದ್ದೇ ಇರುತ್ತೀರಿ. ಎಸ್ ತೂಕವನ್ನಲ್ಲ, ತಳಕ್ಕಿಳಿಯುವ ವೇಗವನ್ನು ಅಳೆಯುತ್ತದೆ. ವೇಗ ಆಕಾರವನ್ನೂ ಅವಲಂಬಿಸುತ್ತದೆ, ಆದ್ದರಿಂದ ಅದನ್ನು ಕೂಡಿಸಲು ಬರುವುದಿಲ್ಲ. ಇರಲಿ, ಬೆಳಕಿಗೆ ಬರೋಣ.

ಈ ಯಂತ್ರದ ತಿರುಗುವ ಭಾಗ, ಅಂದರೆ ರೋಟರ್, ನಿಮಿಷಕ್ಕೆ 60,000 ಸುತ್ತು ತಿರುಗಬಲ್ಲದು. ಅಂದರೆ ಸೆಕೆಂಡಿಗೆ 1,000 ಸುತ್ತು. ಅಕ್ಷದಿಂದ 7.2 ಸೆಂಟಿಮೀಟರ್ ದೂರದಲ್ಲಿರುವ, ಮಾದರಿ ತುಂಬುವ ಸೆಲ್‌ನ ತಳ ಆಗ ಸೆಕೆಂಡಿಗೆ ಸುಮಾರು 450 ಮೀಟರ್ ಓಡುತ್ತಿರುತ್ತದೆ, ಗಾಳಿಯಲ್ಲಿ ಶಬ್ದಕ್ಕಿಂತ ವೇಗವಾಗಿ. ಗಾಳಿಯೊಳಗೆ ಹೀಗೆ ತಿರುಗಿಸಿದರೆ ರೋಟರ್ ಕಾದು ಹೋಗುತ್ತದೆ. ಅದಕ್ಕೇ ಕೋಣೆಯಲ್ಲಿ ನಿರ್ವಾತ ಬೇಕು. ಈ ನಿರ್ವಾತವೇ ಮುಂದೆ ಲ್ಯಾಂಪಿಗೆ ಮುಳುವಾಗುತ್ತದೆ, ನೆನಪಿನಲ್ಲಿಡಿ.

ಸೆಲ್‌ನಲ್ಲಿ ಪಕ್ಕಪಕ್ಕದಲ್ಲಿ ಎರಡು ಕಿರಿದಾದ ಅರೆಗಳಿವೆ. ಒಂದರಲ್ಲಿ ನಿಮ್ಮ ಮಾದರಿ, ಇನ್ನೊಂದರಲ್ಲಿ ಬರೀ ಬಫರ್, ಅಂದರೆ ಪ್ರೋಟೀನ್ ಇಲ್ಲದ ಅದೇ ದ್ರಾವಣ. ಮೇಲೂ ಕೆಳಗೂ ಕ್ವಾರ್ಟ್ಜ್ ಅಥವಾ ಸಫೈರ್ ಕಿಟಕಿ. ಮೇಲಿನಿಂದ ಕ್ಸೆನಾನ್ ಫ್ಲ್ಯಾಶ್ ಲ್ಯಾಂಪ್ ಮಿನುಗುತ್ತದೆ, ಮೋನೋಕ್ರೋಮೇಟರ್ ಬೇಕಾದ ತರಂಗಾಂತರವನ್ನು ಆಯ್ದು ಕಳಿಸುತ್ತದೆ, ಕೆಳಗೆ ಸ್ಲಿಟ್ ಮತ್ತು ಬೆಳಕು ಅಳೆಯುವ ಡಿಟೆಕ್ಟರ್ ಆದ ಫೋಟೋಮಲ್ಟಿಪ್ಲೈಯರ್ ಕಾದು ಕುಳಿತಿರುತ್ತವೆ. ಅರೆ ತಳದಲ್ಲಿ ಸುಮಾರು ಮೂರು ಮಿಲಿಮೀಟರ್ ಅಗಲ. ಪೂರ್ಣ ವೇಗದಲ್ಲಿ ಅದು ಒಂದು ಮೈಕ್ರೋಸೆಕೆಂಡಿಗೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಸರಿದುಹೋಗುತ್ತದೆ. ಅಂದಮೇಲೆ ಲ್ಯಾಂಪ್ ಮಿನುಗುವ ಗಳಿಗೆ ಕೆಲವೇ ಮೈಕ್ರೋಸೆಕೆಂಡ್ ತಪ್ಪಿದರೂ ಬೆಳಕು ದ್ರವದ ಮೇಲೆ ಬೀಳದೆ ಎರಡು ಅರೆಗಳ ನಡುವಿನ ಗೋಡೆಯ ಮೇಲೆ ಬೀಳುತ್ತದೆ. ಲ್ಯಾಂಪ್ ಹೊಸದಿರುತ್ತದೆ, ತೀವ್ರತೆ ಮಾತ್ರ ಕಡಿಮೆ. ಇಂಥ ಸಂದರ್ಭದಲ್ಲಿ ಲ್ಯಾಂಪ್ ಬದಲಿಸಿದರೆ ದುಡ್ಡು ದಂಡ, ಅಷ್ಟೇ.

ಈಗ ಓಡಿಯ ಸಂಗತಿ. ಓಡಿ ಎಂಬುದು ಅನುಪಾತ. ಬಫರ್ ದಾಟಿ ಬಂದ ಬೆಳಕನ್ನು ಮಾದರಿ ದಾಟಿ ಬಂದ ಬೆಳಕಿನಿಂದ ಭಾಗಿಸಿ ಲಾಗ್ ತೆಗೆದದ್ದು. ಲ್ಯಾಂಪ್ ಅರ್ಧಕ್ಕೆ ಇಳಿಯಿತೆನ್ನಿ. ಬಫರಿನ ಬೆಳಕೂ ಅರ್ಧ, ಮಾದರಿಯ ಬೆಳಕೂ ಅರ್ಧ. ಅನುಪಾತ ಹಾಗೇ ಉಳಿಯಿತು, ಓಡಿ ಕದಲಲಿಲ್ಲ. ಲ್ಯಾಂಪ್ ಸಾಯುತ್ತಿರುವ ಸುದ್ದಿಯನ್ನು ಓಡಿ ನಿಮಗೆ ಹೇಳುವುದೇ ಇಲ್ಲ. ಆ ಸುದ್ದಿ ತಿಳಿಯುವುದು ಗೆರೆ ಒರಟಾಗುವುದರಿಂದ. ಫೋಟಾನುಗಳನ್ನು ಎಣಿಸುವಾಗ ಎಣಿಕೆಯ ವರ್ಗಮೂಲದಷ್ಟು ಏರಿಳಿತ ಸಹಜವಾಗಿಯೇ ಇರುತ್ತದೆ. ಹತ್ತು ಸಾವಿರ ಎಣಿಸಿದರೆ ನೂರು, ಅಂದರೆ ಶೇಕಡಾ 1. ನೂರು ಎಣಿಸಿದರೆ ಹತ್ತು, ಅಂದರೆ ಶೇಕಡಾ 10. ಬೆಳಕು ಕಾಲು ಭಾಗಕ್ಕೆ ಬಂದರೆ ನಾಯ್ಸ್ ಇಮ್ಮಡಿ. ಮಾದರಿ ಗಟ್ಟಿಯಾಗಿದ್ದರೂ ಇದೇ ಪಾಡು: ಓಡಿ 1 ಎಂದರೆ ಹತ್ತರಲ್ಲಿ ಒಂದು ಪಾಲು ಬೆಳಕು ಬರುತ್ತದೆ, ಓಡಿ 2 ಎಂದರೆ ನೂರರಲ್ಲಿ ಒಂದು.

ಅಷ್ಟು ಕಡಿಮೆ ಬೆಳಕಿನಲ್ಲಿ ಇನ್ನೊಂದು ಕಾಟ ಸೇರಿಕೊಳ್ಳುತ್ತದೆ. ಎಲ್ಲಿಂದಲೋ ನುಸುಳಿದ ಬೆಳಕು ಬರೀ ಶೇಕಡಾ 1 ಇದ್ದರೂ ನಿಜವಾದ ಓಡಿ 2 ಇರುವ ಮಾದರಿ 1.7 ಎಂದು ತೋರಿಸುತ್ತದೆ. ಗೆರೆ ನುಣ್ಣಗೂ ಇರಬಹುದು, ಸುಳ್ಳೂ ಇರಬಹುದು. ಹೀಗಾಗಿ ಮಾದರಿ ತುಂಬುವಾಗಲೇ 0.3ರಿಂದ 1ರ ನಡುವೆ ಇಟ್ಟುಕೊಳ್ಳಿ. ಒಂದು ಸಣ್ಣ ಮಾತು: ನಿಮ್ಮ ಮೇಜಿನ ಸ್ಪೆಕ್ಟ್ರೋಫೋಟೋಮೀಟರಿನ ಕ್ಯುವೆಟ್ 10 ಮಿಲಿಮೀಟರ್, ಈ ಸೆಲ್ ಸಾಮಾನ್ಯವಾಗಿ 12 ಮಿಲಿಮೀಟರ್. ಕ್ಯುವೆಟ್ಟಿನಲ್ಲಿ ನೋಡಿದ 0.5 ಈ ಸೆಲ್ಲಿನಲ್ಲಿ 0.6 ಆಗುತ್ತದೆ.

ಇನ್ನು ಲ್ಯಾಂಪ್. ನಿರ್ವಾತಕ್ಕಾಗಿ ಡಿಫ್ಯೂಷನ್ ಪಂಪ್ ಇರುವ ಯಂತ್ರಗಳಲ್ಲಿ ಪಂಪಿನ ಎಣ್ಣೆಯ ಆವಿ ಅಲ್ಪಸ್ವಲ್ಪ ಕೋಣೆಗೆ ಬಂದೇ ಬರುತ್ತದೆ. ಲ್ಯಾಂಪಿನ ಮುಖ ಆ ಕೋಣೆಯ ಕಡೆಗೇ ತೆರೆದಿರುತ್ತದೆ. ಒಗ್ಗರಣೆಯ ಜಿಡ್ಡು ಅಡುಗೆಮನೆಯ ಗೋಡೆಗೆ ಹಿಡಿಯುವಂತೆ ಆ ಎಣ್ಣೆ ಲ್ಯಾಂಪಿನ ಗಾಜಿಗೆ ಹಿಡಿಯುತ್ತದೆ. ಅದರ ಮೇಲೆ ಪ್ರತಿ ಮಿನುಗಿನ ನೇರಳಾತೀತ ಕಿರಣ ಬಿದ್ದು ಜಿಡ್ಡು ಗಟ್ಟಿಯಾಗಿ ಪೊರೆಯಾಗುತ್ತದೆ. ಈ ಪೊರೆ ನುಂಗುವುದು ಮೊದಲು ಕಿರುತರಂಗಾಂತರದ ಬೆಳಕನ್ನು. ಕಣ್ಣಿಗೆ ಕಾಣುವ ಬೆಳಕಿಗೆ ಏನೂ ಆಗಿರುವುದಿಲ್ಲ, 230 ನ್ಯಾನೋಮೀಟರಿನ ಬಳಿ ಮಾತ್ರ ಕುಸಿದಿರುತ್ತದೆ. ಕ್ಸೆನಾನ್ ಲ್ಯಾಂಪಿನ ಎತ್ತರದ ಶಿಖರಗಳಲ್ಲಿ ಒಂದು ಇರುವುದು ಸರಿಯಾಗಿ ಅಲ್ಲಿಯೇ ಎಂಬುದು ನಮ್ಮ ಪುಣ್ಯ, ಏಕೆಂದರೆ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ.

ಪರೀಕ್ಷೆ ಹೇಗೆ? ರೋಟರನ್ನು 3,000 ಸುತ್ತಿನಲ್ಲಿ ಇಡಿ. ಸಾಫ್ಟ್‌ವೇರಿನಲ್ಲಿ ಓಡಿ ಬಿಟ್ಟು ತೀವ್ರತೆಯ ಆಯ್ಕೆಗೆ ಹೋಗಿ. ದ್ರವ ಅಡ್ಡ ಬಾರದ ಜಾಗದಲ್ಲಿ, ಅಂದರೆ ತೂಕ ಸರಿದೂಗಿಸಲು ರೋಟರಿನಲ್ಲಿಡುವ ಕೌಂಟರ್‌ಬ್ಯಾಲೆನ್ಸಿನ ತೆರವಿನ ಮೂಲಕವೋ ಖಾಲಿ ರಂಧ್ರದ ಮೂಲಕವೋ, 200ರಿಂದ ಆರಂಭಿಸಿ ತರಂಗಾಂತರದ ಸ್ಕ್ಯಾನ್ ಮಾಡಿ. ಲ್ಯಾಂಪ್ ಹೊಸದಿದ್ದಾಗ ತೆಗೆದ ಗ್ರಾಫನ್ನು ಪಕ್ಕದಲ್ಲಿಟ್ಟು ನೋಡಿ. 230ರ ಶಿಖರ ಮಾತ್ರ ತಗ್ಗಿದ್ದು ಬಲಗಡೆಯ ಉದ್ದ ತರಂಗಾಂತರದ ಭಾಗ ಹಾಗೇ ಇದ್ದರೆ ಅದು ಎಣ್ಣೆಯ ಪೊರೆ, ಲ್ಯಾಂಪ್ ಒರೆಸಬೇಕು. ಇಡೀ ಗ್ರಾಫ್ ಒಂದೇ ಸಮನಾಗಿ ಕುಗ್ಗಿದ್ದರೆ ಮಿನುಗಿನ ಹೊಂದಾಣಿಕೆ, ಸ್ಲಿಟ್, ಡಿಟೆಕ್ಟರ್, ಕೊನೆಗೆ ಲ್ಯಾಂಪಿನ ವಯಸ್ಸು, ಈ ಕ್ರಮದಲ್ಲಿ ಹುಡುಕಿ. ಹೊಸ ಲ್ಯಾಂಪಿನ ಗ್ರಾಫ್ ತೆಗೆದಿಟ್ಟಿಲ್ಲ ಎನ್ನುತ್ತೀರಾ? ಹೆಚ್ಚಿನ ಕಡೆ ಇರುವುದಿಲ್ಲ. ನಾಳೆ ಒರೆಸಿದ ಮೇಲೆ ಮೊದಲು ಮಾಡಬೇಕಾದ ಕೆಲಸ ಅದೇ.

ಒರೆಸುವ ರೀತಿ ತೋರಿಸುತ್ತೇನೆ, ಗಮನವಿಟ್ಟು ನೋಡಿ. ಮೊದಲು ಯಂತ್ರದ ವಿದ್ಯುತ್ ಪೂರ್ತಿ ಬಂದ್. ಫ್ಲ್ಯಾಶ್ ಲ್ಯಾಂಪಿಗೆ ಹೈ ವೋಲ್ಟೇಜ್ ಕೊಡುವ ಕೆಪಾಸಿಟರ್ ಇದೆ. ಸ್ವಿಚ್ ಆರಿಸಿದರೂ ಸ್ವಲ್ಪ ಹೊತ್ತು ಅದರಲ್ಲಿ ಚಾರ್ಜ್ ನಿಂತಿರುತ್ತದೆ, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ. ಅವಸರದವರಿಗೆ ಇದು ಹೊಡೆತ ಕೊಡುತ್ತದೆ. ಪುಡಿ ಇಲ್ಲದ ಕೈಗವಸು ಹಾಕಿಕೊಂಡು ಲ್ಯಾಂಪ್ ಬಿಚ್ಚಿ. ಎದುರಿಗೆ ಹಿಡಿದು ನೋಡಿದರೆ ಗಾಜು ತಿಳಿಯಾಗಿಯೇ ಕಾಣುತ್ತದೆ. ಹೀಗೆ ಓರೆ ಮಾಡಿ, ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಜಾರುವಂತೆ ತಿರುಗಿಸಿ. ನಡುವೆ ಕಂದು ಬಣ್ಣದ ಕಲೆ ಕಾಣಿಸುತ್ತದೆ, ಅಂಚಿನಲ್ಲಿ ಎಣ್ಣೆಯ ಬಣ್ಣಬಣ್ಣದ ಉಂಗುರ. ಲೆನ್ಸ್ ಟಿಶ್ಯೂ ಮಡಿಸಿ, ಶುದ್ಧ ಎಥನಾಲ್ ಎರಡು ಹನಿ ಹಾಕಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ಸಲ ಎಳೆಯಿರಿ, ಆ ಟಿಶ್ಯೂ ಬಿಸಾಡಿ. ಹೊಸದು ತೆಗೆದುಕೊಂಡು ಮತ್ತೆ. ತಿಕ್ಕಬೇಡಿ, ಬಟ್ಟೆಯ ಚೂರು ಬೇಡ, ಅಂಗಿಯ ತುದಿ ಅಂತೂ ಬೇಡವೇ ಬೇಡ. ಟಿಶ್ಯೂ ಸ್ವಚ್ಛವಾಗಿ ಬರುವ ತನಕ ಹೀಗೆಯೇ. ನಂತರ ಜೋಡಿಸಿ, ನಿರ್ವಾತ ಕೂಡಿದ ಮೇಲೆ, ಹಿಂದಿನ ಸ್ಕ್ಯಾನನ್ನೇ ಮತ್ತೊಮ್ಮೆ ಓಡಿಸಿ. 230ರ ಶಿಖರ ಎದ್ದು ನಿಂತಿರುತ್ತದೆ. ಏಳದಿದ್ದರೆ ಆಗ ಹೊಸ ಲ್ಯಾಂಪಿನ ಮಾತಾಡೋಣ.

ಬೆಳಕು ಸಾಲದು ಎಂದು ಡಿಟೆಕ್ಟರಿನ ವೋಲ್ಟೇಜ್ ಏರಿಸುವವರಿದ್ದಾರೆ. ಪರದೆಯ ಮೇಲೆ ಅಂಕಿ ಏರುತ್ತದೆ, ಬಂದ ಫೋಟಾನುಗಳ ಸಂಖ್ಯೆ ಏರುವುದಿಲ್ಲ. ನಾಯ್ಸ್ ಕೂಡ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಲ್ಯಾಂಪಿನ ತೀವ್ರತೆ ಚೆನ್ನಾಗಿದೆ, ಆದರೂ ಗೆರೆ ಸರಿಯಿಲ್ಲ ಎನ್ನಿ. ಆಗ ಹತ್ತಾರು ಸ್ಕ್ಯಾನುಗಳನ್ನು ಒಂದರ ಮೇಲೊಂದು ಹಾಕಿ ನೋಡಿ. ಒಂದೇ ಸ್ಕ್ಯಾನ್ ನೋಡಿದರೆ ಎಲ್ಲ ನಾಯ್ಸೂ ಒಂದೇ ಥರ ಕಾಣುತ್ತದೆ. ಪ್ರತಿ ಸ್ಕ್ಯಾನಿನಲ್ಲೂ ಅಕ್ಷದಿಂದ 6.4 ಸೆಂಟಿಮೀಟರಿನ ಬಳಿ ಅದೇ ಗುಂಡಿ, ಅದೇ ಉಬ್ಬು ಬರುತ್ತಿದ್ದರೆ ಅದು ಕಿಟಕಿಯ ಗೀರು ಅಥವಾ ಬೆರಳಚ್ಚು. ಲ್ಯಾಂಪಿಗೂ ಅದಕ್ಕೂ ಸಂಬಂಧವಿಲ್ಲ. ಇಂಥ ನಿಂತಲ್ಲೇ ನಿಂತ ನಾಯ್ಸನ್ನು ಸೆಡ್‌ಫಿಟ್‌ನಂಥ ತಂತ್ರಾಂಶಗಳು ಲೆಕ್ಕ ಹಾಕಿ ಕಳೆಯಬಲ್ಲವು. ಕಳೆಯಬಲ್ಲವು ಎಂದು ಕಿಟಕಿ ತೊಳೆಯುವುದನ್ನು ಬಿಡಬಾರದು. ಅಲ್ಲಿಯೂ ಬೆಳಕು ಸೋರಿಹೋಗಿರುತ್ತದೆ. ಗುಂಡಿಯೇ ಸ್ಕ್ಯಾನಿನಿಂದ ಸ್ಕ್ಯಾನಿಗೆ ಹೊರಗಡೆ ಸರಿಯುತ್ತಿದ್ದರೆ ಅದು ನಿಮ್ಮ ಮಾದರಿಯೊಳಗಿನ ವಸ್ತು, ಬಹುಶಃ ಗಡ್ಡೆಗಟ್ಟಿದ ಪ್ರೋಟೀನ್. ಮೆನಿಸ್ಕಸ್, ಅಂದರೆ ದ್ರವದ ಮೇಲ್ಮೈ, ಹೊತ್ತು ಹೋದಂತೆ ಕೆಳಗಿಳಿಯುತ್ತಿದ್ದರೆ ಸೆಲ್ ಸೋರುತ್ತಿದೆ, ಓಟ ನಿಲ್ಲಿಸಿ. ಇಡೀ ಗೆರೆ ಒಮ್ಮೆ ಮೇಲೆ ಒಮ್ಮೆ ಕೆಳಗೆ ನೆಗೆಯುತ್ತಿದ್ದರೆ ಮಿನುಗಿನಿಂದ ಮಿನುಗಿಗೆ ಬೆಳಕು ಬದಲಾಗುತ್ತಿದೆ, ಅದನ್ನು ಸರಿದೂಗಿಸುವ ಪುಟ್ಟ ಡಿಟೆಕ್ಟರ್ ಕೆಲಸ ಮಾಡುತ್ತಿಲ್ಲ. ಯಾವ ಲಯವೂ ಇಲ್ಲದ ಸಣ್ಣ ಮರಳಿನಂಥ ಒರಟು ಉಳಿದರೆ ಅದೊಂದು ಮಾತ್ರ ಬೆಳಕಿನ ಕೊರತೆ.

ಬೆಳಕು ಕೊರತೆಯಾಗಲು ನಿಮ್ಮ ಬಫರ್ ಕೂಡ ಕಾರಣವಿರಬಹುದು. ಪ್ರೋಟೀನ್ ಆಕ್ಸಿಡೀಕರಣಗೊಳ್ಳದಂತೆ ಡಿಟಿಟಿ ಹಾಕಿದ ಬಫರನ್ನು ರೈಲಿನಲ್ಲಿ ತೆಗೆದುಕೊಂಡು ಹೋಗುತ್ತೀರಿ. ಅದು ದಾರಿಯಲ್ಲೇ ಆಕ್ಸಿಡೀಕರಣಗೊಂಡಿರುತ್ತದೆ. ಆಕ್ಸಿಡೀಕರಣಗೊಂಡ ಡಿಟಿಟಿ 280 ನ್ಯಾನೋಮೀಟರಿನಲ್ಲೇ ಬೆಳಕು ಹೀರುತ್ತದೆ. ಬಫರ್ ಎರಡೂ ಕಡೆ ಇದೆ, ಅನುಪಾತದಲ್ಲಿ ಕಳೆದುಹೋಗುತ್ತದೆ ಎಂದು ನೀವು ನಿಶ್ಚಿಂತರಾಗಿರುತ್ತೀರಿ. ಬೆಳಕು ಮಾತ್ರ ಎರಡೂ ಕಡೆ ಕಡಿಮೆಯಾಗಿರುತ್ತದೆ. ಅದರ ಬದಲು ಟಿಸಿಇಪಿ ಬಳಸಿದರೆ ಈ ತಾಪತ್ರಯವಿಲ್ಲ. ಬಫರಿಗೆ ಹಾಕುವ ಡಿಟರ್ಜೆಂಟ್ ಟ್ರೈಟಾನ್ ಎಕ್ಸ್-100 ಕೂಡ 275ರ ಸುತ್ತ ಹೀರುತ್ತದೆ, ಎಟಿಪಿ 260ರ ಬಳಿ. ಹೊರಡುವ ಮೊದಲು ಬಫರನ್ನು ಬರೀ ನೀರಿನ ಎದುರು ಇಟ್ಟು ಒಂದು ಸ್ಕ್ಯಾನ್ ಮಾಡಿದರೆ ಇಲ್ಲಿಯೇ ತಿಳಿಯುತ್ತದೆ, ರೈಲಿನ ಖರ್ಚು ಉಳಿಯುತ್ತದೆ.

ತರಂಗಾಂತರ ಆರಿಸುವಾಗಲೂ ಒಂದು ಆಸೆ ಇರುತ್ತದೆ. 230ರಲ್ಲಿ ಲ್ಯಾಂಪೂ ಪ್ರಖರ, ಪ್ರೋಟೀನೂ ಹೆಚ್ಚು ಹೀರುತ್ತದೆ, ಅಲ್ಲಿಯೇ ಅಳೆಯೋಣ ಎಂದು. ತಪ್ಪಲ್ಲ. ಆದರೆ ಅಲ್ಲಿ ಪ್ರೋಟೀನಿನ ಗ್ರಾಫ್ ಕಡಿದಾದ ಇಳಿಜಾರು. ಹಳೆಯ ಮೋನೋಕ್ರೋಮೇಟರುಗಳು ಪ್ರತಿ ಸಲ ಹೋಗಿ ಬಂದಾಗ ಒಂದೆರಡು ನ್ಯಾನೋಮೀಟರ್ ಆಚೀಚೆ ನಿಲ್ಲುತ್ತವೆ. ಇಳಿಜಾರಿನಲ್ಲಿ ಆ ಒಂದೆರಡು ನ್ಯಾನೋಮೀಟರಿಗೇ ಓಡಿ ಬದಲಾಗುತ್ತದೆ. 280ರಲ್ಲಿ ಗ್ರಾಫಿನ ತಲೆ ಚಪ್ಪಟೆ, ಅಲ್ಲಿ ಇದು ಅಷ್ಟಾಗಿ ಬಾಧಿಸುವುದಿಲ್ಲ. ಒಂದೇ ತರಂಗಾಂತರದಲ್ಲಿ ಇಟ್ಟು ಕದಲಿಸದೆ ಓಡಿಸಿದರೆ 230ರಲ್ಲೂ ನಡೆಯುತ್ತದೆ.

ಈಗ ರಕ್ತ ಪರೀಕ್ಷೆಯವರ ಕಡೆ ತಿರುಗುತ್ತೇನೆ. ಇಷ್ಟು ಹೊತ್ತು ತಾಳ್ಮೆಯಿಂದ ಕುಳಿತಿದ್ದೀರಿ. ನಿಮ್ಮ ಸೆಮಿ ಆಟೋ ಅನಲೈಸರಿನಲ್ಲಿ ಇರುವುದು ಪುಟ್ಟ ಹ್ಯಾಲೊಜೆನ್ ಬಲ್ಬ್. ಶುಗರ್ ಸರಿ ಬರುತ್ತದೆ, ಯಕೃತ್ತಿನ ಪರೀಕ್ಷೆಯಾದ ಎಸ್‌ಜಿಪಿಟಿ ಮಾತ್ರ ಪ್ರತಿ ಸಲ ಬೇರೆ ಬೇರೆ ಬರುತ್ತದೆ, ಕಿಟ್ ಕೆಟ್ಟಿದೆ ಎಂದು ಕಿಟ್ ಕಂಪನಿಯವರ ಜೊತೆ ಜಗಳ. ಜಗಳಕ್ಕೆ ಮೊದಲು ತರಂಗಾಂತರ ನೋಡಿ. ಶುಗರ್ ಓದುವುದು 505ರಲ್ಲಿ, ಅಲ್ಲಿ ಹ್ಯಾಲೊಜೆನ್ ಬಲ್ಬಿಗೆ ಬೇಕಾದಷ್ಟು ಬೆಳಕಿದೆ. ಎಸ್‌ಜಿಪಿಟಿ ಓದುವುದು 340ರಲ್ಲಿ. ಈ ಬಲ್ಬ್ ಹೊಸದಿದ್ದಾಗಲೂ ಅಲ್ಲಿ ಬಡವ. ಸಾಲದ್ದಕ್ಕೆ ಆ ಪರೀಕ್ಷೆ ಆರಂಭವಾಗುವುದೇ ತುಂಬ ಎನ್‌ಎಡಿಎಚ್ ಎಂಬ ರಾಸಾಯನಿಕ ಇರುವ ದ್ರವದಿಂದ, ಅದು 340ರ ಬೆಳಕನ್ನು ನುಂಗಿ ಕುಳಿತಿರುತ್ತದೆ. ನಾವು ಅಳೆಯಬೇಕಾದದ್ದು ನಿಮಿಷಕ್ಕೆ ಅದು ಎಷ್ಟು ಇಳಿಯಿತು ಎಂಬ ಅತಿ ಸಣ್ಣ ವ್ಯತ್ಯಾಸ. ಬಲ್ಬ್ ಹಳೆಯದಾಗಿ ಒಳಗಡೆ ಕಪ್ಪಾದಾಗ ಮೊದಲು ಬೀಳುವುದು ಇದೇ ಪರೀಕ್ಷೆ. ಎಸ್‌ಜಿಪಿಟಿ, ಎಸ್‌ಜಿಒಟಿ, ಯೂರಿಯಾ ಮೂರೂ ಒಟ್ಟಿಗೆ ಕುಣಿಯುತ್ತಿದ್ದು ಶುಗರ್ ಸ್ಥಿರವಾಗಿದ್ದರೆ ನೂರಕ್ಕೆ ತೊಂಬತ್ತು ಪಾಲು ಬೆಳಕಿನ ತಪ್ಪು. ಅನಲೈಸರಿನ ಸರ್ವಿಸ್ ಮೆನುವಿನಲ್ಲಿ ಪ್ರತಿ ಫಿಲ್ಟರಿನ ಎಣಿಕೆ ಸಿಗುತ್ತದೆ. ನೀರು ತುಂಬಿ 340ರ ಎಣಿಕೆಯನ್ನು ಪ್ರತಿ ಸೋಮವಾರ ರಿಜಿಸ್ಟರಿನಲ್ಲಿ ಬರೆಯಿರಿ. ಬಲ್ಬ್ ಬದಲಿಸುವಾಗ ಬರಿಗೈಯಲ್ಲಿ ಗಾಜು ಮುಟ್ಟಬೇಡಿ, ಬೆರಳಿನ ಜಿಡ್ಡು ಬಿಸಿಗೆ ಸುಟ್ಟು ಅಲ್ಲಿಯೇ ಕಲೆಯಾಗುತ್ತದೆ.

ವೋಲ್ಟೇಜಿನ ಮಾತು ಬಾರದೆ ನಮ್ಮ ಜಿಲ್ಲೆಯಲ್ಲಿ ಈ ವಿಷಯ ಮುಗಿಯುವುದಿಲ್ಲ. ಟಂಗ್‌ಸ್ಟನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತದಂತೆ ಏರಿಳಿಯುತ್ತದೆ. ಬಲ್ಬಿಗೆ ಸಿಗುವ ವೋಲ್ಟೇಜ್ ಶೇಕಡಾ 5 ಇಳಿದರೆ ಬೆಳಕು ಶೇಕಡಾ 16ರಷ್ಟು ಇಳಿಯುತ್ತದೆ. ಯಂತ್ರದೊಳಗಿನ ರೆಗ್ಯುಲೇಟರ್ ಇದನ್ನು ತಡೆಯಬೇಕು; ಅದಕ್ಕೂ ವಯಸ್ಸಾಗುತ್ತದೆ. ಒಂದು ಲ್ಯಾಬಿನಲ್ಲಿ ಗ್ರಾಫ್ ಆಗಾಗ ಜಿಗಿಯುತ್ತಿತ್ತು. ಕುಳಿತು ಕಿವಿಗೊಟ್ಟೆ: ಹಿಂದಿನ ಕೋಣೆಯ ಫ್ರಿಜ್ಜಿನ ಕಂಪ್ರೆಸರ್ ಹತ್ತಿದಾಗಲೆಲ್ಲ ಜಿಗಿತ. ಎರಡೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿದ್ದವು.

ಅರ್ಥಿಂಗ್ ಇದಕ್ಕಿಂತ ಹೆಚ್ಚು ಕಾಡುತ್ತದೆ, ಅದರಲ್ಲೂ ನಮ್ಮ ಎರೆಮಣ್ಣಿನಲ್ಲಿ. ಮಳೆಗಾಲದಲ್ಲಿ ಈ ಮಣ್ಣು ನೀರು ಕುಡಿದು ಉಬ್ಬಿ ಅರ್ಥ್ ಪ್ಲೇಟನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ, ಅರ್ಥಿಂಗ್ ಬಲು ಚೆನ್ನಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದನ್ನು ನೀವೆಲ್ಲ ಕಂಡಿದ್ದೀರಿ. ಅದೇ ಬಿರುಕು ಲ್ಯಾಬಿನ ಹಿತ್ತಲಿನ ಅರ್ಥ್ ಗುಂಡಿಯಲ್ಲೂ ಬಿಡುತ್ತದೆ. ಮಣ್ಣು ಪ್ಲೇಟಿನಿಂದ ಬಿಟ್ಟು ನಿಲ್ಲುತ್ತದೆ. ಡಿಟೆಕ್ಟರಿನಿಂದ ಬರುವ ಸಿಗ್ನಲ್ ಬಹಳ ಸಣ್ಣದು, ಮನೆಯ ಕರೆಂಟಿನ 50 ಹರ್ಟ್ಜ್ ಅದರೊಳಗೆ ಸುಲಭವಾಗಿ ನುಗ್ಗುತ್ತದೆ. ಬೇಸಿಗೆಯಲ್ಲಿ ಮಾತ್ರ ನಾಯ್ಸ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಲ್ಯಾಂಪ್ ಬಿಚ್ಚುವುದಿಲ್ಲ, ಮಲ್ಟಿಮೀಟರ್ ತೆಗೆದು ಸಾಕೆಟ್ಟಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಹಿಡಿಯುತ್ತೇನೆ. ಒಂದೆರಡು ವೋಲ್ಟಿನೊಳಗೆ ಇರಬೇಕು. ಹತ್ತು, ಹದಿನೈದು ತೋರಿಸಿದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಗುಂಡಿಗೆ ನೀರು ಹಾಕಿಸಿ. ಬೇಸಿಗೆ ಪೂರ್ತಿ ಹಾಕುತ್ತಿರಬೇಕು. ಕೋಟಿ ರೂಪಾಯಿಯ ಯಂತ್ರಕ್ಕೂ ಇದೇ ಚಿಕಿತ್ಸೆ.

ಸ್ಕ್ಯಾನುಗಳ ಸರಾಸರಿ ತೆಗೆದರೆ ನಾಯ್ಸ್ ಕಡಿಮೆಯಾಗುವುದಿಲ್ಲವೇ ಎಂದು ಹಿಂದಿನ ಸಾಲಿನಿಂದ ಕೇಳಿದರು. ಆಗುತ್ತದೆ. ನಾಲ್ಕರ ಸರಾಸರಿ ತೆಗೆದರೆ ಅರ್ಧವಾಗುತ್ತದೆ, ಹದಿನಾರರದು ತೆಗೆದರೆ ಕಾಲು. ಸಮತೋಲನದ ಪ್ರಯೋಗದಲ್ಲಿ ಪ್ರೋಟೀನಿನ ಹಂಚಿಕೆ ನಿಂತಲ್ಲೇ ಇರುತ್ತದೆ, ಎಷ್ಟು ಬೇಕಾದರೂ ಮಾಡಿ. ತಳಕ್ಕಿಳಿಯುವ ವೇಗ ಅಳೆಯುವ ಪ್ರಯೋಗದಲ್ಲಿ ನೀವು ಸರಾಸರಿ ತೆಗೆಯುತ್ತ ಕುಳಿತಷ್ಟು ಹೊತ್ತು ಪ್ರೋಟೀನಿನ ಗಡಿ ಮುಂದೆ ಓಡುತ್ತಿರುತ್ತದೆ, ಹೀಗಾಗಿ ನಾಯ್ಸ್ ಹೋಗುತ್ತದೆ, ಗಡಿಯೂ ಮಬ್ಬಾಗುತ್ತದೆ. ಅಲ್ಲಿ ಒಂದೊಂದೇ ಸ್ಕ್ಯಾನ್, ಆದಷ್ಟು ಬೇಗ ಬೇಗ.

ಕೊನೆಯದಾಗಿ, ನನ್ನಂಥವರಿಗೆ ಫೋನ್ ಮಾಡುವ ಮುನ್ನ ಇಷ್ಟನ್ನು ಕೈಯಲ್ಲಿಟ್ಟುಕೊಳ್ಳಿ: ಇವತ್ತಿನ ತೀವ್ರತೆಯ ಸ್ಕ್ಯಾನ್, ಲ್ಯಾಂಪ್ ಹೊಸದಿದ್ದಾಗಿನ ಅಥವಾ ಒರೆಸಿದ ದಿನದ ಸ್ಕ್ಯಾನ್, ಒಂದರ ಮೇಲೊಂದು ಹಾಕಿದ ಹತ್ತು ಸ್ಕ್ಯಾನುಗಳ ಚಿತ್ರ, ಬಫರಿನಲ್ಲಿ ಏನೇನಿದೆ ಎಂಬ ಚೀಟಿ, ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್. ಇವಿಷ್ಟನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಹತ್ತರಲ್ಲಿ ಏಳು ಸಲ ನಾನು ಬರುವ ಅಗತ್ಯವೇ ಇರುವುದಿಲ್ಲ. ಬರಲೇಬೇಕಾದರೂ ಯಾವ ಬಿಡಿಭಾಗ ತರಬೇಕು ಎಂಬುದು ಹೊರಡುವ ಮೊದಲೇ ಗೊತ್ತಿರುತ್ತದೆ.